ನೀವು ಹಾಗಲ್ಲ ಬಿಡಿ

(ಹಾಸನದಲ್ಲಿ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳ ಮುಂದೆ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ತಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಮೊಳೆ ಅಂದರೆ ಗೋಡೆಗೆ ಹೊಡೆಯುವುದಲ್ಲ, ಅಚ್ಚಿನ ಮೊಳೆ. ಬೆರಳಿನ ಒಂದು ಗೆಣ್ಣುದ್ದದ ಸೀಸದ ಕಡ್ಡಿ, ಅದರ ತಲೆಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡ ಒಂದು ಅಕ್ಷರ. ಕನ್ನಡಕ್ಕೆ ಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆ ಬೇಕಾಗುತ್ತಿತ್ತು. ಪ್ರೂಫಿನಲ್ಲಿ ತಪ್ಪು ಸಿಕ್ಕರೆ ಅಪ್ಪ ಚಿಮಟದಿಂದ ಆ ಒಂದು ಮೊಳೆ ಕಿತ್ತು, ಸರಿಯಾದದ್ದನ್ನು ಕೂರಿಸಿ, ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಪುಟ ಸರಿಯಾಯಿತು.

ಹಾಸನಕ್ಕೆ ಬರುವ ಮೊದಲು ಅವರು ಬೆಂಗಳೂರಿನಲ್ಲಿ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿದ್ದರು. ಅಲ್ಲಿ ಸಾವಿರಾರು ಪ್ರತಿ ಬೇಗ ಬೇಗ ಬೀಳಬೇಕು. ಅದಕ್ಕೆ ಜೋಡಿಸಿದ ಪುಟದ ಮೇಲೆ ಒದ್ದೆ ಮಾಡಿದ ದಪ್ಪ ಕಾಗದ ಒತ್ತಿ ಪಡಿಯಚ್ಚು ತೆಗೆದು, ಅದಕ್ಕೆ ಸೀಸ, ತವರ, ಆಂಟಿಮನಿ ಕೂಡಿಸಿ ಕಾಯಿಸಿದ ಲೋಹ ಹೊಯ್ಯುತ್ತಿದ್ದರು. ಇಡೀ ಪುಟ ಒಂದೇ ತಗಡಾಗಿ ಏಳುತ್ತಿತ್ತು. ಆ ತಗಡಿನ ಹೆಸರು ಸ್ಟೀರಿಯೋಟೈಪ್, ಕೆಲಸದವರ ಬಾಯಲ್ಲಿ ಬರೀ ಸ್ಟೀರಿಯೋ. ಮೊಳೆಗಳನ್ನು ಬಿಡಿಸಿ ಮುಂದಿನ ಪುಟಕ್ಕೆ ಬಳಸಬಹುದು, ಒಂದೇ ಪುಟವನ್ನು ಎಷ್ಟು ಸಲ ಬೇಕಾದರೂ ಒತ್ತಬಹುದು. ಬಹಳ ಅನುಕೂಲ. ಆದರೆ ಅದರಲ್ಲಿ ಒಂದು ಅಕ್ಷರ ತಪ್ಪಿ ಕೂತಿದ್ದರೆ ಚಿಮಟ ನಡೆಯುವುದಿಲ್ಲ. ಅಪ್ಪ ಹೇಳುತ್ತಿದ್ದರು: “ಮೊಳೇಲಿ ತಪ್ಪಾದ್ರೆ ಚಿಮಟ ಸಾಕು ಮಗಳೇ, ಸ್ಟೀರಿಯೋದಲ್ಲಿ ತಪ್ಪಾದ್ರೆ ಉಳಿ ತಗೋಬೇಕು.”

ಸ್ಟೀರಿಯೋಸ್ ಅಂದರೆ ಗ್ರೀಕಿನಲ್ಲಿ ಗಟ್ಟಿ, ಟೈಪೋಸ್ ಅಂದರೆ ಅಚ್ಚು. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಮುದ್ರಕ ಫರ್ಮ್ಯಾಂ ದಿದೋ ಇಂಥ ತಗಡುಗಳಿಗೆ ಇಟ್ಟ ಹೆಸರು ಅದು. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದನ್ನು ಅಚ್ಚುಕೂಟದಿಂದ ಎತ್ತಿ ಮನುಷ್ಯನ ತಲೆಯೊಳಗೆ ತಂದಿಟ್ಟರು. ಲೋಕ ತೀರಾ ದೊಡ್ಡದು, ಎಲ್ಲರನ್ನೂ ಕಂಡು ಮಾತಾಡಿಸಿ ತಿಳಿಯುವಷ್ಟು ಹೊತ್ತು ಯಾರಿಗೂ ಇಲ್ಲ, ಹಾಗಾಗಿ ತಲೆಯಲ್ಲಿ ಮೊದಲೇ ಒಂದು ಚಿತ್ರ ಇಟ್ಟುಕೊಂಡು ಆಮೇಲೆ ನೋಡಲು ಹೊರಡುತ್ತೇವೆ ಎಂಬುದು ಅವರ ವಿಚಾರ. ಕನ್ನಡದಲ್ಲಿ ಇದಕ್ಕೆ ಪಡಿಯಚ್ಚು, ಸಿದ್ಧಮಾದರಿ ಎಂದೆಲ್ಲ ಬರೆಯುತ್ತಾರೆ. ನನಗೆ ಬರೀ ‘ಅಚ್ಚು’ ಸಾಕು. ನಮ್ಮ ಹೊಳೆನರಸೀಪುರದ ಕಡೆ ಆಲೆಮನೆ ನೋಡಿದವರಿಗೆ ಗೊತ್ತು, ಯಾವ ಹೊಲದ ಕಬ್ಬೇ ಆಗಲಿ, ಅಚ್ಚಿಗೆ ಹೊಯ್ದ ಮೇಲೆ ಬೆಲ್ಲದ ಆಕಾರ ಒಂದೇ.

ಜನರನ್ನು ಗುಂಪು ಮಾಡಿ ನೋಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗುಂಪು ಮಾಡದೆ ಬುದ್ಧಿ ಕೆಲಸ ಮಾಡುವುದಿಲ್ಲ. ಸಂತೆಯಲ್ಲಿ ಪ್ರತಿ ಬದನೆಕಾಯಿಯನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಆಗುತ್ತದೆಯೇ? ತೊಂದರೆ ಬರುವುದು ಗುಂಪಿಗೆ ಒಂದು ಗುಣ ಕಟ್ಟಿ, ಆ ಗುಣವನ್ನು ಎದುರಿಗೆ ನಿಂತ ಒಬ್ಬ ಮನುಷ್ಯನಿಗೆ ತೊಡಿಸಿ, ಅವನು ಏನು ಮಾಡಿದರೂ ಅದನ್ನು ಬಿಚ್ಚದೆ ಇದ್ದಾಗ.

ನಮ್ಮ ಜಿಲ್ಲೆಯದೇ ಮಾತು ಹೇಳುತ್ತೇನೆ. ಸಕಲೇಶಪುರದ ಕಡೆ ನಮ್ಮ ಸಂಬಂಧಿಕರದು ಒಂದು ಸಣ್ಣ ಕಾಫಿ ತೋಟ. ಒಂದು ಕೊಯ್ಲಿನ ಕಾಲದಲ್ಲಿ ಹೋಗಿದ್ದೆ. ಸಂಜೆ ಹಣ್ಣು ತೂಗಿ ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ತಮ್ಮ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ಎಡಗಡೆಯ ಹಾಳೆಯಲ್ಲಿ ಊರಿನ ಆಳುಗಳ ಲೆಕ್ಕ, ಒಬ್ಬೊಬ್ಬರ ಹೆಸರು, ಹೆಸರಿನ ಮುಂದೆ ಕೆಜಿ. ಬಲಗಡೆಯ ಹಾಳೆಯಲ್ಲಿ ಒಂದೇ ಸಾಲು: ‘ಅಸ್ಸಾಂ – 14 ಆಳು’. ಅವರ ದುಡ್ಡನ್ನು ಒಟ್ಟಿಗೆ ಒಬ್ಬನ ಕೈಗೆ ಕೊಡುತ್ತಿದ್ದರು.

ಕೈ ತೊಳೆಯಲು ಬಂದ ಒಬ್ಬ ಹುಡುಗನನ್ನು ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಹದಿನಾಲ್ಕು ಜನರಲ್ಲಿ ಐದು ಜನ ಜಾರ್ಖಂಡಿನವರು, ಇಬ್ಬರು ಬಂಗಾಳದವರು. ಉಳಿದವರು ಅಸ್ಸಾಮಿನವರೇ, ಆದರೆ ಅಲ್ಲಿನ ಚಹಾ ತೋಟದವರು. ಅವನ ಮನೆಯ ಹಿರಿಯರು ಜಾರ್ಖಂಡಿನ ಕಡೆಯ ಛೋಟಾನಾಗಪುರದಿಂದ ಬ್ರಿಟಿಷರ ಕಾಲದಲ್ಲಿ ಎಲೆ ಕೀಳಲು ಹೋದವರಂತೆ. ಮನೆಯಲ್ಲಿ ಆಡುವುದು ಸಾದ್ರಿ ಭಾಷೆ. ಅಸ್ಸಾಮಿನಲ್ಲಿ ಇವರನ್ನು ಹೊರಗಿನಿಂದ ಬಂದವರು ಎನ್ನುತ್ತಾರೆ, ಇಲ್ಲಿ ಅಸ್ಸಾಮಿನವರು ಎನ್ನುತ್ತೇವೆ. ಚಹಾ ತೋಟದಿಂದ ಕಾಫಿ ತೋಟಕ್ಕೆ ಬಂದ ಒಂದು ಕುಟುಂಬದ ನೂರು ವರ್ಷಕ್ಕೂ ಮಿಕ್ಕಿದ ನಡಿಗೆ ಆ ಒಂದು ಸಾಲಿನೊಳಗೆ ಮುಚ್ಚಿಹೋಗಿತ್ತು. “ಇವ್ರೆಲ್ಲ ಅಷ್ಟೇ ಮೇಡಂ, ಎಲ್ಲಾ ಒಂದೇ” ಅಂದರು ರೈಟರ್. ಒಳ್ಳೆಯ ಮನುಷ್ಯ. ಯಾರ ಕೂಲಿಯನ್ನೂ ಒಂದು ರೂಪಾಯಿ ಹಿಡಿದವರಲ್ಲ.

ಅದೇ ರಾತ್ರಿ ಊಟಕ್ಕೆ ಕೂತಾಗ ಆನೆಯ ಮಾತು ಬಂತು. ಸಕಲೇಶಪುರ, ಆಲೂರು, ಬೇಲೂರಿನ ಕಡೆಯವರು ಇಲ್ಲಿದ್ದೀರಿ, ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಕಾಡಾನೆಗಳಿಗೆ ಹೆಸರಿದೆ. ಭೀಮ ಅಂದರೆ ಎಲ್ಲರಿಗೂ ಗೊತ್ತು. ‘ಭೀಮ ಬಂದ್ರೆ ದಾರಿ ಬಿಟ್ಟು ನಿಂತ್ಕೊಳ್ಳಿ, ಅವನ ಪಾಡಿಗೆ ಅವನು ಹೋಗ್ತಾನೆ’ ಎನ್ನುತ್ತಾರೆ. ಇನ್ನೊಂದು ಆನೆಗೆ ಸಿಟ್ಟು ಜಾಸ್ತಿ, ಮತ್ತೊಂದು ಬೈಕಿನ ಸದ್ದು ಕೇಳಿದರೆ ತಿರುಗುತ್ತದೆ, ಆ ಹೆಣ್ಣಾನೆ ಮರಿ ಹಾಕಿದೆ, ಹುಷಾರು. ಅಷ್ಟು ದೂರದಿಂದ, ಅಷ್ಟು ಭಯದ ನಡುವೆ, ಒಂದೊಂದು ಆನೆಯ ಗುಣವನ್ನು ಬೇರೆಬೇರೆಯಾಗಿ ಬಲ್ಲವರು ನಾವು. ಯಾಕೆ ಬಲ್ಲೆವು? ಗುರುತು ಹಿಡಿಯದಿದ್ದರೆ ಜೀವಕ್ಕೆ ಅಪಾಯ. ಮೂರು ತಿಂಗಳು ನಮ್ಮ ತೋಟದಲ್ಲೇ ಮಲಗೆದ್ದ ಹದಿನಾಲ್ಕು ಜನರ ಹೆಸರು ಗೊತ್ತಿಲ್ಲದಿದ್ದರೂ ನಮಗೇನೂ ನಷ್ಟವಿಲ್ಲ. ನನಗೆ ಆ ರಾತ್ರಿ ಹೊಳೆದದ್ದು ಇದು: ಬೇರೆಬೇರೆಯಾಗಿ ನೋಡುವ ಶಕ್ತಿ ನಮಗಿದೆ, ಎಲ್ಲಿ ಬಳಸಬೇಕು ಎಂದು ನಾವೇ ಆರಿಸಿಕೊಳ್ಳುತ್ತೇವೆ. ದುರ್ಬಲರ ವಿಷಯದಲ್ಲಿ ಬಳಸದಿದ್ದರೆ ಯಾರೂ ಕೇಳುವುದಿಲ್ಲ.

ಒಡನಾಟವಿದ್ದೂ ಹೀಗೆ. ಒಡನಾಟವೇ ಇಲ್ಲದಿದ್ದರೂ ಅಚ್ಚು ತಯಾರಾಗುತ್ತದೆ. 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಾಟ್ಜ್ ಮತ್ತು ಬ್ರೇಲಿ ಎಂಬ ಇಬ್ಬರು 100 ವಿದ್ಯಾರ್ಥಿಗಳಿಗೆ 84 ಗುಣಗಳ ಪಟ್ಟಿ ಕೊಟ್ಟು, ಹತ್ತು ಜನಾಂಗಗಳಿಗೆ ಯಾವ ಗುಣ ಹೊಂದುತ್ತದೆ ಆರಿಸಿ ಎಂದರು. ತುರ್ಕರ ಜೊತೆ ಒಡನಾಡಿದವರು ಅವರಲ್ಲಿ ಬಹಳ ಕಡಿಮೆ. ಆದರೂ ತುರ್ಕರು ಕ್ರೂರಿಗಳು ಎಂದು ಗುರುತು ಹಾಕಿದವರು ಸುಮಾರು ಅರ್ಧದಷ್ಟು. ಎಲ್ಲಿಂದ ಬಂತು? ನಮಗೆ ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ’ ಎಂಬುದು ಎಲ್ಲಿಂದ ಬಂತೋ ಅಲ್ಲಿಂದಲೇ. ಜಗಲಿಯ ಮಾತು, ಗಾದೆ, ಸಿನಿಮಾದ ಹಾಸ್ಯ. ಯಾರೂ ಕೂತು ಕಲಿಸುವುದಿಲ್ಲ.

ಇನ್ನೊಂದು ಪ್ರಯೋಗ ಹೇಳಲೇಬೇಕು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1976ರಲ್ಲಿ ಹ್ಯಾಮಿಲ್ಟನ್, ಗಿಫರ್ಡ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ್ದು. 39 ವಾಕ್ಯ, ಒಂದೊಂದೂ ಒಬ್ಬ ಮನುಷ್ಯನ ನಡತೆಯ ಬಗ್ಗೆ. ಎ ಗುಂಪಿನವರ ಬಗ್ಗೆ 26 ವಾಕ್ಯ, ಬಿ ಗುಂಪಿನವರ ಬಗ್ಗೆ 13. ಬಿ ಚಿಕ್ಕ ಗುಂಪು. ಎ ಗುಂಪಿನಲ್ಲಿ 18 ಒಳ್ಳೆಯ ನಡತೆ, 8 ಕೆಟ್ಟದ್ದು. ಬಿ ಗುಂಪಿನಲ್ಲಿ 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಎರಡು ಕಡೆಯೂ ಪ್ರಮಾಣ ಒಂದೇ. ಬಿ ಗುಂಪು ಒಂದು ಗುಲಗಂಜಿಯಷ್ಟೂ ಕೆಟ್ಟದ್ದಲ್ಲ. ಆದರೆ ಓದಿ ಮುಗಿಸಿದವರನ್ನು ಕೇಳಿದಾಗ ಅವರು ಕೆಟ್ಟ ನಡತೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ಬಿ ಗುಂಪಿನ ತಲೆಗೆ ಕಟ್ಟಿದರು. ದ್ವೇಷವಿರಲಿಲ್ಲ, ಗುಂಪಿಗೆ ಹೆಸರೂ ಇರಲಿಲ್ಲ, ಬರೀ ಎ ಮತ್ತು ಬಿ. ಅಪರೂಪದ ಗುಂಪಿನವನು ಅಪರೂಪದ ಕೆಲಸ ಮಾಡಿದಾಗ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಅಷ್ಟೇ.

ನಮ್ಮ ಊರಿಗೆ ತಂದು ನೋಡಿ. ಐನೂರು ಮನೆಯ ದೊಡ್ಡ ಸಮುದಾಯದವನೊಬ್ಬ ಅಡಿಕೆ ಕದ್ದರೆ ಅವನ ಹೆಸರು ಹೇಳುತ್ತೇವೆ, ಬೇಕಾದರೆ ಅವನ ಅಪ್ಪನ ಹೆಸರು. ಹತ್ತು ಮನೆಯ ಕೇರಿಯವನು ಕದ್ದರೆ ಕೇರಿಯ ಹೆಸರು ಹೇಳುತ್ತೇವೆ. ಇದನ್ನು ನಿಮ್ಮ ಕಿವಿಯಿಂದಲೇ ಕೇಳಿಸಿಕೊಳ್ಳಿ. ನಾಳೆ ಬಸ್ಸಿನಲ್ಲಿ, ಹೋಟೆಲಿನಲ್ಲಿ ಯಾರಾದರೂ ಕಳ್ಳತನದ ಸುದ್ದಿ ಹೇಳುವಾಗ ಮೊದಲು ಹೆಸರು ಬರುತ್ತದೋ ಜಾತಿ ಬರುತ್ತದೋ ಗಮನಿಸಿ.

ಮಾತಿನಲ್ಲಿದ್ದದ್ದು ಕಾನೂನೇ ಆದ ಕಾಲವೂ ಇತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಇಡೀ ಸಮುದಾಯವನ್ನೇ ಹುಟ್ಟುಗಳ್ಳರು ಎಂದು ಪಟ್ಟಿಗೆ ಸೇರಿಸಬಹುದು, ಹೆಸರು ಬರೆಸಬೇಕು, ಊರು ಬಿಡಲು ಅನುಮತಿ ಚೀಟಿ ಬೇಕು. ಆ ಪಟ್ಟಿಗೆ ಬಿದ್ದವರಲ್ಲಿ ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ವ್ಯಾಪಾರ ಮಾಡುತ್ತಿದ್ದವರಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ ಕೊರವರು, ಕೆಲವು ಕಡೆ ಬಂಜಾರರು. ನಮ್ಮ ಅರಸೀಕೆರೆ, ಕಡೂರು, ತರೀಕೆರೆಯ ತಾಂಡಾಗಳಲ್ಲಿರುವವರು ಆ ಬಂಜಾರರೇ. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಹೇರಿನ ವ್ಯಾಪಾರ ಮುರಿದುಬಿತ್ತು. ಹೊಟ್ಟೆಪಾಡಿಗೆ ಅಲೆದವರನ್ನು ಕಂಡು, ಅಲೆಯುವುದೇ ಇವರ ಕಳ್ಳಬುದ್ಧಿಗೆ ಸಾಕ್ಷಿ ಎಂದು ಬರೆದುಕೊಂಡರು. 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ, ಅವರ ಹೆಸರು ಆ ಪಟ್ಟಿಯಿಂದ ಬಿಟ್ಟಿತು. ಆವತ್ತಿಗೆ ಕಾಯ್ದೆ ಹೋಯಿತು, ಆದರೆ ಊರಲ್ಲಿ ಏನಾದರೂ ಕಳೆದಾಗ ಮೊದಲು ಯಾರ ಗುಡಿಸಲಿಗೆ ಹೋಗುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೊನಿ ಇದೆ. ‘ಹಕ್ಕಿ ಹಿಡಿಯೋರು, ಓದು ಬರಹ ಇಲ್ಲದೋರು’ ಎಂಬುದು ಅವರ ಬಗ್ಗೆ ನಾನು ಚಿಕ್ಕಂದಿನಿಂದ ಕೇಳಿದ್ದು. 1972ರ ವನ್ಯಜೀವಿ ಕಾಯ್ದೆಯ ಮೇಲೆ ಬೇಟೆ ನಿಂತಿತು. ಮಣಿಸರ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ ಎಣ್ಣೆ ಎಂದು ದಾರಿ ಹುಡುಕಿಕೊಂಡರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತಲ್ಲ, ಆಗ ಬಹಳ ಜನ ಬೆರಗಾದರು. ‘ಇವ್ರು ಆಫ್ರಿಕಾಕ್ಕೆ ಹೋಗ್ತಾರಾ!’ ಮನೆಯಲ್ಲಿ ವಾಗ್ರಿ, ಊರಲ್ಲಿ ಕನ್ನಡ, ದಾರಿಯಲ್ಲಿ ಹಿಂದಿ, ಪಾಸ್‌ಪೋರ್ಟ್ ಹಿಡಿದು ಸಮುದ್ರದಾಚೆ ವ್ಯಾಪಾರ. ಆಮೇಲೆ ಏನಾಯಿತು ನೋಡಿ. ಬೆರಗು ಇಳಿದ ಮೇಲೆ ‘ಹಕ್ಕಿಪಿಕ್ಕಿ ಅಂದ್ರೆ ಎಣ್ಣೆ ಮಾರೋಕೆ ಆಫ್ರಿಕಾಕ್ಕೆ ಹೋಗೋರು’ ಎಂಬ ಹೊಸ ಅಚ್ಚು ತಯಾರಾಯಿತು. ಊರಲ್ಲೇ ಇದ್ದು ನರ್ಸಿಂಗ್ ಓದಬೇಕೆನ್ನುವ ಹುಡುಗಿಗೆ ಇದರಲ್ಲೂ ಜಾಗವಿಲ್ಲ. ಹೊಗಳಿಕೆಯ ಅಚ್ಚೂ ಅಚ್ಚೇ. ದಕ್ಷಿಣ ಕನ್ನಡವನ್ನು ‘ಬುದ್ಧಿವಂತರ ಜಿಲ್ಲೆ’ ಎನ್ನುತ್ತೇವೆ. ಅಲ್ಲಿ ಗಣಿತದಲ್ಲಿ ನಪಾಸಾದ ಮಗುವಿನ ಪಾಡು ಯೋಚಿಸಿ.

ಸರ್ಕಾರದ ಪುಸ್ತಕ, ರೈಟರ ಪುಸ್ತಕದ ಮಾತಾಯಿತು. ಈಗ ನನ್ನ ಪುಸ್ತಕದ್ದು.

2009ರ ಸುಮಾರಿಗೆ ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಎಂಟನೇ ತರಗತಿಗೆ ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಡಿಸೆಂಬರ್ ಬಂದ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು, ಗೈರು, ಒಂದು ದಿನ ಹಾಜರು, ಮತ್ತೆ ಗೈರು. ಲೈನಿನ ಮಕ್ಕಳು ಹೇಗೆ ಎಂಬುದು ನನಗೆ ‘ಗೊತ್ತಿತ್ತು’. ಕೊಯ್ಲು ಶುರುವಾದರೆ ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಅವಳನ್ನು ಕೇಳಲಿಲ್ಲ. ಪ್ರಗತಿಪತ್ರದಲ್ಲಿ ನನ್ನ ಕೈಯಾರೆ ಬರೆದೆ: ‘ಕಾಫಿ ಕೊಯ್ಲಿಗೆ ಹೋಗುತ್ತಾಳೆ. ಓದಿನಲ್ಲಿ ಆಸಕ್ತಿ ಇಲ್ಲ.’

ಆ ಪತ್ರವನ್ನು ಹಿಡಿದುಕೊಂಡು ಅವಳ ತಾಯಿ ಬಂದರು. ಬೆರಳ ತುದಿಯೆಲ್ಲ ಕಾಫಿ ಹಣ್ಣಿನ ಕರೆ ಹತ್ತಿ ಕಪ್ಪಾಗಿತ್ತು. ಓದಲು ಬಾರದು, ಯಾರ ಕೈಲೋ ಓದಿಸಿಕೊಂಡಿದ್ದರು. “ಒಂದಿನಾನೂ ಕೊಯ್ಲಿಗೆ ಕಳ್ಸಿಲ್ಲ ಟೀಚರ್” ಅಂದರು. ಲೈನಿನಿಂದ ಶಾಲೆಗೆ ನಾಲ್ಕು ಕಿಲೋಮೀಟರು, ನಡುವೆ ಹಳ್ಳ. ಆ ತಿಂಗಳು ಹಳ್ಳದ ಹತ್ತಿರ ಆನೆ ಹಿಂಡು ನಿಂತುಬಿಟ್ಟಿತ್ತು. ಹುಡುಗಿ ಬೆಳಿಗ್ಗೆ ಹೊರಡುವಳು, ಅರ್ಧ ದಾರಿಯಿಂದ ವಾಪಸು ಬರುವಳು. ತಾಯಿ ಸೆರಗಿನ ಒಳಗಿನಿಂದ ಅವಳ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

ತೆರೆದೆ. ನನ್ನ ಸಮಾಜ ವಿಜ್ಞಾನದ ನೋಟ್ಸೇ. ಶಾಲೆಗೆ ಬರಲಾಗದ ಪ್ರತಿ ದಿನಕ್ಕೂ ಒಂದೊಂದು ಹಾಳೆ. ಮೇಲೆ ಅಂಚಿನಲ್ಲಿ ತಾರೀಕು, ನಡುವೆ ‘ಸಮಾಜ’ ಎಂದು ಬರೆದು ಸ್ಕೇಲಿಟ್ಟು ಎಳೆದ ಎರಡು ಗೆರೆ. ಕೆಳಗೆ ಖಾಲಿ. ಬಿಟ್ಟುಹೋದ ಪಾಠವನ್ನು ಆಮೇಲೆ ಗೆಳತಿಯ ಪುಸ್ತಕ ನೋಡಿ ತುಂಬಿಸಿಕೊಳ್ಳೋಣ ಎಂದು ಬಿಟ್ಟ ಜಾಗ. ಅಂಥ ಹಾಳೆಗಳು ಹನ್ನೊಂದು. ‘ಆಸಕ್ತಿ ಇಲ್ಲ’ ಎಂದು ನಾನು ಬರೆದ ಹುಡುಗಿ, ಯಾರೂ ಇಲ್ಲದ ಲೈನ್ ಮನೆಯಲ್ಲಿ ದಿನಾ ಬೆಳಿಗ್ಗೆ ಕೂತು ನನ್ನ ಪಾಠಕ್ಕೆ ಜಾಗ ಬಿಡುತ್ತಿದ್ದಳು.

ಇದನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಅಂದರು, “ಆ ಹುಡುಗಿ ಹಾಗಲ್ಲ ಬಿಡಿ ಮೇಡಂ. ಲೈನಿನ ಮಿಕ್ಕ ಮಕ್ಕಳ ವಿಷಯ ಬೇರೆ.”

ಈ ಮಾತಿಗೋಸ್ಕರವೇ ನಾನು ಇವತ್ತು ಇಲ್ಲಿಗೆ ಬಂದಿದ್ದು. ಕೇಳಲು ಎಷ್ಟು ಸೌಮ್ಯವಾಗಿದೆ. ಆದರೆ ಅಚ್ಚು ಒಡೆಯದೆ ಉಳಿಯುವುದೇ ಈ ಮಾತಿನಿಂದ. ಸಾಕ್ಷಿ ಎದುರಿಗೆ ಬಂದು ನಿಂತಾಗ ಅದನ್ನು ಸುಳ್ಳೆನ್ನಲು ಆಗುವುದಿಲ್ಲ, ಹಾಗಾಗಿ ಆ ಒಬ್ಬರನ್ನು ಗುಂಪಿನಿಂದ ಎತ್ತಿ ಪಕ್ಕಕ್ಕೆ ಕೂರಿಸುತ್ತೇವೆ. 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಬೇಲಿಗೆ ಹೋಲಿಸಿದ್ದರು. ನಮ್ಮ ಹೊಲದ ಬೇಲಿಯನ್ನೇ ನೆನೆಸಿಕೊಳ್ಳಿ. ಒಂದು ಗೂಟ ಸರಿಸಿ ಒಬ್ಬರನ್ನು ಈಚೆಗೆ ಬಿಟ್ಟುಕೊಂಡು, ಗೂಟವನ್ನು ಮತ್ತೆ ಅದೇ ಗುಂಡಿಗೆ ನೆಡುತ್ತೇವೆ.

ನನಗೇ ಯಾರೋ ಗೂಟ ಸರಿಸಿದ್ದರು. ಒಂದು ಚುನಾವಣೆಯಲ್ಲಿ ನಾನು ಪ್ರಿಸೈಡಿಂಗ್ ಆಫೀಸರ್. ರಾತ್ರಿ ಯಂತ್ರ ಒಪ್ಪಿಸುವಾಗ ನಮ್ಮ ಮತಗಟ್ಟೆಯ ಲೆಕ್ಕ ಮೊದಲ ಸಲಕ್ಕೇ ತಾಳೆಯಾಯಿತು. ಅಲ್ಲಿದ್ದ ಅಧಿಕಾರಿ ನಕ್ಕು, “ನೀವು ಹೆಂಗಸರ ಥರ ಅಲ್ಲ ಬಿಡಿ ಮೇಡಂ” ಅಂದರು. ಆ ರಾತ್ರಿ ನನಗೆ ಖುಷಿಯಾಗಿತ್ತು. ಮನೆಗೆ ಬಂದು ಹೇಳಿಕೊಂಡೂ ಇದ್ದೆ. ಆ ಹೊಗಳಿಕೆಯ ಬೆಲೆಯನ್ನು ಕೊಟ್ಟವರು ನನ್ನ ಹಿಂದೆ ಸಾಲಿನಲ್ಲಿ ಲಕೋಟೆ ಹಿಡಿದು ನಿಂತಿದ್ದ ಇತರ ಶಿಕ್ಷಕಿಯರು ಎಂಬುದು ತಿಳಿಯಲು ಹನ್ನೊಂದು ಖಾಲಿ ಹಾಳೆ ಬೇಕಾಯಿತು. ನಿಮಗೂ ಯಾರಾದರೂ ಅಂದಿರುತ್ತಾರೆ. ‘ನಿಮ್ಮ ಜನದ ಥರ ಅಲ್ಲ ನೀವು.’ ‘ನಿನ್ನ ನೋಡಿದ್ರೆ ಬಯಲುಸೀಮೆಯವನು ಅನ್ಸಲ್ಲ.’ ‘ನೀವು ಸಾಬರು ಅಂತ ಗೊತ್ತೇ ಆಗಲ್ಲ.’ ಅಂದವರು ಪ್ರೀತಿಯಿಂದಲೇ ಅಂದಿರುತ್ತಾರೆ. ಕೇಳಿಸಿಕೊಂಡವರು ನಗಬೇಕೋ ಬೇಡವೋ ತಿಳಿಯದೆ ನಿಲ್ಲುತ್ತಾರೆ.

[ಈ ಹಂತದಲ್ಲಿ ಸಭೆಯಿಂದ ಒಬ್ಬ ವಿದ್ಯಾರ್ಥಿ ಕೇಳಿದರು: “ಮೇಡಂ, ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಕೊಯ್ಲಿನ ಕಾಲದಲ್ಲಿ ಲೈನಿನ ಮಕ್ಕಳು ಶಾಲೆ ತಪ್ಪಿಸೋದು ಸ್ವಲ್ಪನಾದ್ರೂ ನಿಜ ಅಲ್ವಾ?”]

ನಿಜ. ಮುಚ್ಚಿಡುವುದಿಲ್ಲ. ಕೊಯ್ಲಿಗೆ ಹೋಗುವ ಮಕ್ಕಳೂ ಇದ್ದರು. ಆದರೆ ‘ಹೋಗುತ್ತಾರೆ’ ಎಂಬಲ್ಲಿಗೆ ಮಾತು ನಿಂತರೆ ಅದು ಆ ಮಕ್ಕಳ ಸ್ವಭಾವ ಎಂದಾಗಿಬಿಡುತ್ತದೆ. ಯಾಕೆ ಎಂದು ಒಂದು ಹೆಜ್ಜೆ ಮುಂದೆ ಕೇಳಿ. ಹಣ್ಣು ಕೆಜಿ ಲೆಕ್ಕ. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಕೈಗೆ ನಾಲ್ಕು ಕಾಸು ಹೆಚ್ಚು ಸಿಗುವ ಕಾಲ. ತಾಯಿಯ ಚೀಲಕ್ಕೆ ಮಗಳ ಎರಡು ಕೈ ಸೇರಿದರೆ ಅಂಗಡಿಯ ಸಾಲ ತೀರುತ್ತದೆ. ನಾವು ಆ ಮನೆಯಲ್ಲಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆವು. ಹೊಗೆ ಕಂಡದ್ದು ಸುಳ್ಳಲ್ಲ, ಅದು ಯಾವ ಒಲೆಯದ್ದು ಎಂದು ನೋಡದೆ ಹೇಳಬಾರದು.

ನೀವು ಇನ್ನು ಕೆಲವೇ ತಿಂಗಳಲ್ಲಿ ತರಗತಿಗೆ ಹೋಗುವವರು, ಹಾಗಾಗಿ ನಾನು ಮಾಡಿದ್ದನ್ನು ಹೇಳುತ್ತೇನೆ. ದೊಡ್ಡದೇನಲ್ಲ. ಆ ಪ್ರಗತಿಪತ್ರವನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಬರೆದುಕೊಟ್ಟೆ. ಎರಡು ವಾರ ಶಾಲೆ ಬಿಟ್ಟ ಮೇಲೆ ಅವಳನ್ನೂ, ಅದೇ ದಾರಿಯ ಇನ್ನಿಬ್ಬರನ್ನೂ ಕೂರಿಸಿಕೊಂಡು ಆ ಹನ್ನೊಂದು ಹಾಳೆ ತುಂಬಿಸಿದೆವು. ಸಂಜೆ ಜೀಪಿನವರೊಬ್ಬರು ಹಳ್ಳ ದಾಟಿಸಿ ಬಿಟ್ಟುಬರುತ್ತಿದ್ದರು. ಆಮೇಲೆ ಹಾಜರಿ ಪುಸ್ತಕದ ಜೊತೆಗೆ ನನ್ನದೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆ. ಯಾರು ಗೈರಾದರೂ ಮರುದಿನ ಕೇಳಬೇಕು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ಮೊದಲನೆಯ ಪುಸ್ತಕ ಇವತ್ತು ತಂದಿದ್ದೇನೆ. ಆ ಜನವರಿಯ ಒಂದು ವಾರದ್ದು ಓದುತ್ತೇನೆ, ಎಲ್ಲ ಲೈನ್ ಮನೆಯ ಮಕ್ಕಳದ್ದೇ.

ಆನೆ. ತಮ್ಮನಿಗೆ ಜ್ವರ, ಅಮ್ಮ ಕೆಲಸಕ್ಕೆ ಹೋಗಿದ್ದರು. ಆನೆ. ಕೊಯ್ಲಿಗೆ. ಬಸ್ ಬರಲಿಲ್ಲ. ಅಜ್ಜಿ ಜೊತೆ ಹಾಸನದ ಆಸ್ಪತ್ರೆಗೆ. ಯೂನಿಫಾರಂ ಒಣಗಿರಲಿಲ್ಲ. ಕೊಯ್ಲಿಗೆ. ಆನೆ. ಹೇಳಲಿಲ್ಲ, ಅತ್ತಳು, ನಾಳೆ ಮತ್ತೆ ಕೇಳಬೇಕು.